ತೋಟದ ಮನೆಯ ಸೌರ ಫಲಕಕ್ಕೆ ತಕ್ಕ ಕಂಟ್ರೋಲರ್

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕೃಷ್ಣಾ, ಘಟಪ್ರಭಾ ನದಿಗಳ ನೀರಿನಿಂದ ಕಬ್ಬು ಬೆಳೆಯುವ ಕುಟುಂಬಗಳು ಅನೇಕ ಕಡೆ ಹೊಲದಲ್ಲಿಯೇ ಮನೆ ಮಾಡಿಕೊಂಡಿದ್ದು, ಪಂಪ್‌ಸೆಟ್‌ಗಳಿಗೆ ನಿಗದಿತ ಹೊತ್ತು ಮಾತ್ರ ತ್ರೀಫೇಸ್ ಹರಿಸುವ ಮಾರ್ಗವನ್ನು ಅವಲಂಬಿಸಿದ ತೋಟದ ಮನೆಗಳಲ್ಲಿ ದೀಪ, ಫ್ಯಾನುಗಳಿಗೆ ಸೌರ ಫಲಕ ಮತ್ತು ಬ್ಯಾಟರಿಯ ನೆರವು ಬೇಕಾಗುತ್ತದೆ. ಇವೆರಡರ ನಡುವೆ ಕುಳಿತು, ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆಯೂ ರಾತ್ರಿ ವಿದ್ಯುತ್ ಫಲಕಕ್ಕೆ ಹಿಮ್ಮುಖವಾಗಿ ಹರಿಯದಂತೆಯೂ ತಡೆಯುವ ಸಾಧನವೇ ಚಾರ್ಜ್ ಕಂಟ್ರೋಲರ್. ಕೊಳ್ಳುವವರು ಫಲಕದ ವ್ಯಾಟ್ ಅನ್ನಷ್ಟೇ ವಿಚಾರಿಸುತ್ತಾರೆ. ಆದರೆ ಜೋಡಿ ಹೊಂದುವುದೋ ಇಲ್ಲವೋ ಎಂಬುದನ್ನು ಮೊದಲು ನಿರ್ಧರಿಸುವುದು ವೋಲ್ಟೇಜ್.

36 ಕೋಶಗಳ ಹಳೆಯ ಮಾದರಿಯ ಫಲಕ ಸುಮಾರು 18 ವೋಲ್ಟ್‌ನಲ್ಲಿ ಕೆಲಸ ಮಾಡುವುದರಿಂದ 12 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯೂಎಂ ಎಂಬ ಅಗ್ಗದ ಕಂಟ್ರೋಲರ್ ಸಾಕಾಗುತ್ತಿತ್ತು. ಈಗ ಮಾರುಕಟ್ಟೆಯಲ್ಲಿ ಸಿಗುವ 540 ವ್ಯಾಟ್‌ನ ಫಲಕ ಸುಮಾರು 41 ವೋಲ್ಟ್, 13 ಆಂಪಿಯರ್ ಕೊಡುತ್ತದೆ. ಪಿಡಬ್ಲ್ಯೂಎಂ ಇದನ್ನು ಬ್ಯಾಟರಿಯ 13 ವೋಲ್ಟ್ ಮಟ್ಟಕ್ಕೆ ಎಳೆದುಬಿಡುವುದರಿಂದ, ಅದರ ಒಳಬರುವ ವೋಲ್ಟೇಜ್ ಮಿತಿ ಈ ಫಲಕವನ್ನು ತಾಳಿಕೊಂಡರೂ ದಕ್ಕುವುದು ಸುಮಾರು 170 ವ್ಯಾಟ್ ಮಾತ್ರ. ಹಣ ತೆತ್ತ ಉಳಿದ ಮೂರರಲ್ಲಿ ಎರಡು ಪಾಲು ಮಾಳಿಗೆಯ ಮೇಲೆಯೇ ಉಳಿಯುತ್ತದೆ. ಎಂಪಿಪಿಟಿ ಎಂಬ ಇನ್ನೊಂದು ಬಗೆಯ ಕಂಟ್ರೋಲರ್ ಹೆಚ್ಚುವರಿ ವೋಲ್ಟೇಜನ್ನು ಆಂಪಿಯರ್ ಆಗಿ ಪರಿವರ್ತಿಸಿ ಅದೇ ಬ್ಯಾಟರಿಗೆ 40 ಆಂಪಿಯರ್‌ವರೆಗೆ ಹರಿಸಬಲ್ಲದು. ಆದರೆ 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ 15 ಆಂಪಿಯರ್ ಹಿತವಾದ್ದರಿಂದ, ಅಂಥ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿಕೊಂಡು, ಕಂಟ್ರೋಲರ್‌ನಲ್ಲಿ ಆಂಪಿಯರ್ ಮಿತಿಯನ್ನೂ ನಿಗದಿ ಮಾಡುವುದು ಲೇಸು.

ಈ ಭಾಗದ ಬಿಸಿಲಿಗೆ ಎಲ್ಲರೂ ಅಂಜುತ್ತಾರಾದರೂ ಕಂಟ್ರೋಲರ್‌ಗೆ ನಿಜವಾದ ಅಪಾಯವಿರುವುದು ಚಳಿಯಲ್ಲಿ. ಏಪ್ರಿಲ್‌ನಲ್ಲಿ ಕೋಶಗಳು 65 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಉತ್ಪಾದನೆ ಸುಮಾರು ಏಳನೇ ಒಂದು ಪಾಲು ತಗ್ಗುತ್ತದೆ, ಅಷ್ಟೆ. ಫಲಕದ ಹಿಂಬದಿಯ ಚೀಟಿಯಲ್ಲಿ ಮುದ್ರಿತವಾದ ತೆರೆದ ಮಂಡಲದ ವೋಲ್ಟೇಜ್, ಎಂದರೆ ಏನನ್ನೂ ಜೋಡಿಸದಾಗ ಫಲಕದ ತುದಿಗಳಲ್ಲಿ ಕಾಣುವ ವೋಲ್ಟೇಜ್, 25 ಡಿಗ್ರಿಯಲ್ಲಿ ಅಳೆದದ್ದು; ಕೋಶದ ಉಷ್ಣತೆ ಒಂದು ಡಿಗ್ರಿ ಇಳಿದರೆ ಅದು ಸುಮಾರು ಶೇ 0.27ರಷ್ಟು ಏರುತ್ತದೆ. ತಲಾ 49.5 ವೋಲ್ಟ್‌ನ ಎರಡು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ ಲೆಕ್ಕಕ್ಕೆ 99 ವೋಲ್ಟ್ ಆಗಿ 100 ವೋಲ್ಟ್ ಮಿತಿಯ ಕಂಟ್ರೋಲರ್ ಸಾಕೆನಿಸುತ್ತದೆ. ಆದರೆ ಜನವರಿಯಲ್ಲಿ 13 ಡಿಗ್ರಿಯ ನಸುಕಿನ ನಂತರ ಬಿಸಿಲು ಫಲಕಕ್ಕೆ ತಾಗಿದಾಗ ಅದು 102 ವೋಲ್ಟ್ ದಾಟಿ ಕಂಟ್ರೋಲರ್ ಸುಟ್ಟುಹೋಗಬಹುದು. ವ್ಯಾಟ್ ಹೆಚ್ಚಾದರೆ ಒಳ್ಳೆಯ ಎಂಪಿಪಿಟಿ ಅದನ್ನು ಬಳಸದೆ ಬಿಡುತ್ತದೆ, ವೋಲ್ಟೇಜ್‌ನ ವಿಷಯದಲ್ಲಿ ಅಂಥ ರಿಯಾಯಿತಿ ಇಲ್ಲ. ಆದ್ದರಿಂದ ಇಲ್ಲಿ 150 ವೋಲ್ಟ್ ಮಿತಿಯದನ್ನು ತರಬೇಕು, ಇಲ್ಲವೇ ಫಲಕಗಳನ್ನು ಸಮಾಂತರವಾಗಿ ಜೋಡಿಸಿ 26 ಆಂಪಿಯರ್ ತಾಳುವ ದಪ್ಪ ತಂತಿ ಹಾಕಬೇಕು.

ಜೋಡಿಸುವಾಗ ಕಂಟ್ರೋಲರ್‌ಗೆ ಮೊದಲು ಬ್ಯಾಟರಿಯ ತಂತಿಯನ್ನು ಕೊಟ್ಟು, ಅದು 12 ವೋಲ್ಟೋ 24 ವೋಲ್ಟೋ ಎಂದು ಗುರುತಿಸಿಕೊಂಡ ಮೇಲಷ್ಟೇ ಫಲಕದ ತಂತಿಯನ್ನು ಸೇರಿಸಬೇಕು. ಬಿಚ್ಚುವಾಗ ಫಲಕವನ್ನೇ ಮೊದಲು ಬಿಡಿಸಬೇಕು.