ಪಟ್ಟಾ ಭೂಮಿಯ ಒಣಹುಲ್ಲು ಯಾರ ಹೊಣೆ? ಕುರಂಗಣಿಯ ಹಿನ್ನೆಲೆಯಲ್ಲಿ ಕಾಳ್ಗಿಚ್ಚಿನ ಕಾನೂನು

ಕಾಳ್ಗಿಚ್ಚಿನ ಕಾನೂನು ದೊಡ್ಡ ವಿಷಯ, ಅದರಲ್ಲಿ ಒಂದೇ ಪ್ರಶ್ನೆಯನ್ನು ಇವತ್ತು ಎತ್ತಿಕೊಳ್ತೀನಿ. ಕಾಡಿಗೆ ತಾಗಿದ ಜಮೀನಿನ ಮಾಲೀಕ, ಬೆಂಕಿ ಬೀಳುವ ಮೊದಲೇ ಏನಾದರೂ ಮಾಡಲೇಬೇಕು ಅಂತ ನಮ್ಮ ಕಾನೂನು ಹೇಳುತ್ತದೆಯೇ? ಉದಾಹರಣೆಗೆ ತಮಿಳುನಾಡಿನ ತೇನಿ ಜಿಲ್ಲೆಯನ್ನು ಆರಿಸಿಕೊಂಡಿದ್ದೇನೆ. ಬೋಡಿನಾಯಕನೂರು, ಕಂಬಂ ಕಡೆ ಕನ್ನಡ ಮನೆಮಾತಿನ ಒಕ್ಕಲಿಗರು, ಕಾಪಿಲಿಯರು ತಲೆಮಾರುಗಳಿಂದ ಇದ್ದಾರೆ. ಬೇಸಾಯ, ದನ ಎರಡೂ ಇರುವ ಜನ. ಹಾಗಾಗಿ ಇದು ನಮಗೆ ದೂರದ ಊರಿನ ಸುದ್ದಿಯಲ್ಲ.

2018ರ ಮಾರ್ಚ್ 11ರ ಭಾನುವಾರ ಕೊಲುಕ್ಕುಮಲೆಯಿಂದ ಕುರಂಗಣಿಗೆ ಇಳಿಯುತ್ತಿದ್ದ ಎರಡು ಚಾರಣ ಗುಂಪುಗಳು ಕಾಳ್ಗಿಚ್ಚಿನ ನಡುವೆ ಸಿಕ್ಕಿಕೊಂಡವು. ಒಂದು ಚೆನ್ನೈನಿಂದ ಬಂದದ್ದು, ಇನ್ನೊಂದು ಈರೋಡು, ತಿರುಪ್ಪೂರು ಕಡೆಯದು. ಇಳಿಜಾರಿನಲ್ಲಿ ಎತ್ತರದ ಒಣಹುಲ್ಲು, ಮೇಲೆ ಗಾಳಿ. ಇಂಥ ಕಡೆ ಬೆಂಕಿ ಮನುಷ್ಯನಿಗಿಂತ ಬೇಗ ಓಡುತ್ತದೆ. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದವು. ಸ್ಥಳದಲ್ಲಿ ಸತ್ತವರು, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡವರು ಸೇರಿ 20ಕ್ಕೂ ಹೆಚ್ಚು ಜನ ಹೋದರು. ಸರ್ಕಾರ ಹಿರಿಯ ಐಎಎಸ್ ಅಧಿಕಾರಿ ಅತುಲ್ಯ ಮಿಶ್ರಾ ಅವರನ್ನು ವಿಚಾರಣೆಗೆ ನೇಮಿಸಿತು, ಅದೇ ವರ್ಷ ಚಾರಣ ನಿಯಂತ್ರಣದ ನಿಯಮಗಳನ್ನೂ ತಂದಿತು. ಗಮನಿಸಿ: ದುರಂತದ ನಂತರ ಬಂದ ಹೊಸ ನಿಯಮ ಕಾಡಿನೊಳಗೆ ನಡೆದು ಹೋಗುವವರ ಮೇಲೆ. ಹುಲ್ಲು ಬೆಳೆದು ನಿಂತ ನೆಲದ ಬಗ್ಗೆ ಅಲ್ಲ.

ಈಗ ಕಾಯ್ದೆಗೆ ಬರೋಣ. ತಮಿಳುನಾಡಿಗೆ 1882ರ ಅರಣ್ಯ ಕಾಯ್ದೆ, ಕರ್ನಾಟಕಕ್ಕೆ 1963ರದ್ದು ಇದೆ. ನಮ್ಮ ತರಗತಿಯಲ್ಲಿ ಎಲ್ಲರೂ ಓದಿರುವುದು 1927ರ ಭಾರತೀಯ ಅರಣ್ಯ ಕಾಯ್ದೆ. ಮೂರರ ಜಾಡೂ ಒಂದೇ ಆದ್ದರಿಂದ 1927ರ ಪಠ್ಯವನ್ನೇ ಮುಂದಿಟ್ಟುಕೊಳ್ತೀನಿ. ಅದರ 26ನೇ ಸೆಕ್ಷನ್ ಮೀಸಲು ಅರಣ್ಯಕ್ಕೆ ಬೆಂಕಿ ಇಡುವುದನ್ನು ಅಪರಾಧ ಮಾಡುತ್ತದೆ. ಜೊತೆಗೆ, ಆ ಅರಣ್ಯಕ್ಕೆ ಅಪಾಯವಾಗುವ ಹಾಗೆ ನಿಯಮ ಮೀರಿ ಬೆಂಕಿ ಹೊತ್ತಿಸುವುದನ್ನು, ಉರಿಯುವ ಬೆಂಕಿಯನ್ನು ಹಾಗೇ ಬಿಟ್ಟು ಹೋಗುವುದನ್ನು ಕೂಡ. ‘ಮೀಸಲು ಅರಣ್ಯದೊಳಗೆ’ ಎಂಬ ಮಾತು ಈ ಖಂಡ ಮುಗಿದ ಮೇಲೆ ಬರುತ್ತದೆ, ಮುಂದಿನ ಖಂಡಗಳಿಗೆ ಮಾತ್ರ ಅನ್ವಯಿಸುತ್ತದೆ. ಅಂದರೆ ರೈತ ತನ್ನ ಪಟ್ಟಾ ಜಮೀನಿನಲ್ಲೇ ಕಸ ಸುಟ್ಟು, ಅದರಿಂದ ಕಾಡಿಗೆ ಅಪಾಯವಾದರೆ, ‘ನನ್ನ ಹೊಲದಲ್ಲಿ ತಾನೇ ಹಚ್ಚಿದ್ದು’ ಅನ್ನುವುದು ಉತ್ತರವಾಗುವುದಿಲ್ಲ. ಇದು ನನ್ನ ಓದು. ಪಠ್ಯದ ಜೋಡಣೆ ಅದಕ್ಕೆ ಒತ್ತಾಸೆಯಾಗಿದೆ.

ಆದರೆ ಇಲ್ಲೆಲ್ಲ ಕ್ರಿಯಾಪದ ಯಾವುದು? ಇಡುವುದು, ಹೊತ್ತಿಸುವುದು, ಬಿಟ್ಟು ಹೋಗುವುದು. ಬೆಂಕಿ ಇಟ್ಟವನು ಯಾರು ಅಂತ ಕಾನೂನು ಕೇಳುತ್ತದೆ. ಹುಲ್ಲು ಯಾರದು ಅಂತ ಕೇಳುವುದಿಲ್ಲ.

ಹಾಗಾದರೆ ಕರ್ತವ್ಯ ಅನ್ನುವುದು ಯಾರಿಗೂ ಇಲ್ಲವೇ? ಇದೆ, ಅದು ಯಾರಿಗಿದೆ ಅನ್ನುವುದೇ ಸ್ವಾರಸ್ಯ. 79ನೇ ಸೆಕ್ಷನ್ ಪ್ರಕಾರ ಕಾಡಿನಲ್ಲಿ ಹಕ್ಕು ಚಲಾಯಿಸುವವರು, ಅಂದರೆ ದನ ಮೇಯಿಸುವವರು, ಅನುಮತಿ ಪಡೆದು ಸೌದೆ ಅಥವಾ ಇತರ ಉತ್ಪನ್ನ ತರುವವರು, ಅವರ ಕೆಲಸದಾಳುಗಳು, ಪಕ್ಕದ ಹಳ್ಳಿಯ ಸರ್ಕಾರಿ ನೌಕರರು, ಇವರೆಲ್ಲ ಬೆಂಕಿ ಕಂಡರೆ ಯಾರೂ ಹೇಳದಿದ್ದರೂ ಆರಿಸಲು ಮುಂದಾಗಬೇಕು. ತಪ್ಪಿದರೆ ಒಂದು ತಿಂಗಳವರೆಗೆ ಜೈಲು, ಇಲ್ಲವೇ 200 ರೂಪಾಯಿವರೆಗೆ ದಂಡ, ಅಥವಾ ಎರಡೂ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27ನೇ ಸೆಕ್ಷನ್ ಕೂಡ ಇದೇ ದಾರಿ ಹಿಡಿಯುತ್ತದೆ: ಅಭಯಾರಣ್ಯದೊಳಗೆ ವಾಸಿಸುವಷ್ಟು ಕಾಲ ಪ್ರತಿಯೊಬ್ಬರೂ ಅಲ್ಲಿನ ಬೆಂಕಿ ಆರಿಸಬೇಕು, ಸುತ್ತಲಿನ ಬೆಂಕಿ ಒಳಬರದಂತೆ ತಡೆಯಬೇಕು. ಮೇಘಮಲೆ, ಕೊಡೈಕನಾಲ್ ಅಭಯಾರಣ್ಯಗಳಿಗೆ ಇದು ನೇರವಾಗಿ ಅನ್ವಯ. ‘ವಾಸಿಸುವ’ ಅನ್ನುವ ಪದವನ್ನು ಹಿಡಿದು ಯೋಚಿಸಿ. ಅಭಯಾರಣ್ಯದ ಗಡಿಯೊಳಗೆ ಎಸ್ಟೇಟ್ ಇದ್ದು ಮಾಲೀಕ ಮಧುರೈಯಲ್ಲೋ ಬೆಂಗಳೂರಲ್ಲೋ ಕೂತಿದ್ದರೆ ಈ ಕರ್ತವ್ಯ ಅವನಿಗಿಲ್ಲ. ಅವನ ತೋಟದ ಲೈನ್‌ಮನೆಯಲ್ಲಿರುವ ಕಾವಲುಗಾರನಿಗಿದೆ!

ಇನ್ನೊಂದು ತೊಡಕು ಕಂಬಂ ಕಣಿವೆಯಲ್ಲಿ ಎದ್ದು ಕಾಣುತ್ತದೆ. ಅಲ್ಲಿ ಮಲೆಮಾಡುಗಳು, ಅಂದರೆ ಬೆಟ್ಟದ ದನಗಳು, ಕಾಡಿಗೆ ಹೋಗಿ ಮೇಯುವುದು ಹಳೆಯ ಪದ್ಧತಿ. ಕಾಪಿಲಿಯರ ದೇವರ ದನಗಳ ದೊಡ್ಡಿ ಇವತ್ತಿಗೂ ಕಂಬಂನಲ್ಲಿದೆ. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ರಾಜ್ಯದ ಕಾಡುಗಳಲ್ಲಿ ಮೇಯಿಸುವುದನ್ನು ನಿಷೇಧಿಸಿತು, ಅದೇ ತಿಂಗಳು ಆದೇಶವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ನಿಷೇಧ ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ. ನಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದು ಇಷ್ಟು: 79ರ ಮಾದರಿಯಲ್ಲಿ ಕರ್ತವ್ಯ ಹಕ್ಕಿನ ಬೆನ್ನಿಗೆ ಕಟ್ಟಿದ್ದು. ಹಕ್ಕು ಹೋದರೆ ಬೆಂಕಿ ಆರಿಸುವ ಕಾನೂನುಬದ್ಧ ಹೊಣೆಯೂ ಹೋಗುತ್ತದೆ, ಮೇಯದೆ ಉಳಿದ ಹುಲ್ಲು ಮಾತ್ರ ಅಲ್ಲೇ ಒಣಗುತ್ತದೆ. ಯಾರಾದರೂ ಬೇಕಂತಲೇ ಅಥವಾ ಅತಿ ನಿರ್ಲಕ್ಷ್ಯದಿಂದ ಬೆಂಕಿ ಇಟ್ಟರೆ ಆ ಭಾಗದ ಮೇವಿನ ಹಕ್ಕನ್ನೇ ಅಮಾನತಿನಲ್ಲಿಡುವ ಅಧಿಕಾರವೂ 26ನೇ ಸೆಕ್ಷನ್‌ನಲ್ಲಿದೆ. ಒಬ್ಬ ಮಾಡಿದ್ದಕ್ಕೆ ಊರಿನ ದನವೆಲ್ಲ ಉಪವಾಸ ಬೀಳಬಹುದು. ನನಗಂತೂ ಇದು ವಸಾಹತು ಕಾಲದ ಸಾಮೂಹಿಕ ಶಿಕ್ಷೆಯ ಪಳೆಯುಳಿಕೆ ಅನಿಸುತ್ತದೆ.

ಮಾಲೀಕನನ್ನು ಮುಟ್ಟುವ ಕಾನೂನು ಬೇಕಾದರೆ ಅರಣ್ಯ ಕಾಯ್ದೆಯಿಂದ ಆಚೆ ಹುಡುಕಬೇಕು. ಐಪಿಸಿಯ 285, ಈಗ ಭಾರತೀಯ ನ್ಯಾಯ ಸಂಹಿತೆಯ 287: ತನ್ನ ಸ್ವಾಧೀನದಲ್ಲಿರುವ ಬೆಂಕಿ ಅಥವಾ ಸುಲಭವಾಗಿ ಹೊತ್ತುವ ವಸ್ತುವಿನಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದಿರುವುದು ಅಪರಾಧ. ಇಲ್ಲಿ ‘ಸ್ವಾಧೀನ’ ಇದೆ, ‘ಹೊತ್ತಿಸಿದವನು’ ಇಲ್ಲ. ಬೆಳೆದು ನಿಂತ ಒಣಹುಲ್ಲು ಅಂಥ ವಸ್ತುವೇ? ವಾದ ಮಾಡಬಹುದು. ಆದರೂ ಇದು ಮನುಷ್ಯರ ಜೀವಕ್ಕೆ ಸೀಮಿತ. ಕಾಡು ಉರಿದರೆ ಲೆಕ್ಕಕ್ಕಿಲ್ಲ.

ಇದಕ್ಕಿಂತ ಕೈಗೆ ಸಿಗುವ ಸಾಧನ ಸಿಆರ್‌ಪಿಸಿ 144, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ನಾವು ಇದನ್ನು ಗುಂಪು ಸೇರಬಾರದು ಅನ್ನುವ ಆದೇಶವಾಗಿ ಮಾತ್ರ ಬಲ್ಲೆವು. ಅದೇ ಸೆಕ್ಷನ್, ಒಬ್ಬನ ಸ್ವಾಧೀನದಲ್ಲೋ ನಿರ್ವಹಣೆಯಲ್ಲೋ ಇರುವ ಆಸ್ತಿಯ ವಿಷಯದಲ್ಲಿ ನಿರ್ದಿಷ್ಟ ಕ್ರಮ ಕೈಗೊಳ್ಳುವಂತೆ ಆದೇಶಿಸುವ ಅಧಿಕಾರವನ್ನೂ ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ಕಾಡಂಚಿನ ಪಟ್ಟಾದಾರರೆಲ್ಲ ಗಡಿಯುದ್ದಕ್ಕೂ ಹುಲ್ಲು ಸವರಿ ಬೆಂಕಿ ಗೆರೆ ತೆಗೆಯಬೇಕು ಅಂತ ಕಲೆಕ್ಟರ್ ಹೇಳಬಹುದು. ಅಲ್ಲಿ ‘ನಿರ್ವಹಣೆ’ ಎಂಬ ಮಾತಿರುವುದರಿಂದ ದೂರದ ಮಾಲೀಕನ ಮ್ಯಾನೇಜರ್ ಕೂಡ ಒಳಗೆ ಬರುತ್ತಾನೆ.

ಪೋರ್ಚುಗಲ್ ಇದನ್ನು ನೇರವಾಗಿ ಮಾಡಿದೆ. 2006ರ ಅಲ್ಲಿನ ಕಾನೂನು, ಹಳ್ಳಿಗಾಡಿನ ಕಟ್ಟಡಗಳ ಸುತ್ತ 50 ಮೀಟರ್ ಪಟ್ಟಿಯಲ್ಲಿ ಉರಿಯುವ ಸಸ್ಯಗಳನ್ನು ತಗ್ಗಿಸುವ ಹೊಣೆಯನ್ನು ನೆಲದ ಒಡೆಯನಿಗೆ ಹಾಕಿತು. ಅವನು ಮಾಡದಿದ್ದರೆ ಪುರಸಭೆಯೇ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಹನ್ನೊಂದು ವರ್ಷ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. 2017ರ ಜೂನ್‌ನಲ್ಲಿ ಪೆದ್ರೊಗಾವ್ ಗ್ರಾಂದೆಯ ಬೆಂಕಿಯಲ್ಲಿ 66 ಜನ ಸತ್ತ ಮೇಲೆ ಸರ್ಕಾರ ಬಿಗಿ ಮಾಡಿತು.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಒಂದು ಎಕರೆ ರೈತನಿಗೂ ದೊಡ್ಡ ಎಸ್ಟೇಟಿಗೂ ಒಂದೇ ಹೊರೆ ಹಾಕೋದು ನ್ಯಾಯವೇ ಅಂತ. ಅಲ್ಲ. ಗಡಿಯ ಉದ್ದಕ್ಕೆ ತಕ್ಕಂತೆ ಹೊಣೆ ಇರಬೇಕು, ಸಣ್ಣ ಹಿಡುವಳಿಯವರ ಪಾಲಿನ ಗೆರೆಯನ್ನು ಇಲಾಖೆಯೇ ಕೂಲಿ ಕೊಟ್ಟು ತೆಗೆಸಬೇಕು. ಹೇಗೂ ಬೇಸಿಗೆಗೆ ಬೆಂಕಿ ಕಾವಲುಗಾರರನ್ನು ತೆಗೆದುಕೊಳ್ಳುವ ಪದ್ಧತಿ ಇದೆಯಲ್ಲ, ಅವರ ಕೆಲಸ ಜನವರಿಯಲ್ಲೇ ಶುರುವಾಗಲಿ.

ಇನ್ನೊಬ್ಬರು 163ರ ಅವಧಿ ಕೇಳಿದ್ದಾರೆ. ಎರಡು ತಿಂಗಳು. ಅದು ತುರ್ತಿನ ಅಧಿಕಾರ, ಪ್ರತಿ ವರ್ಷ ವಾಡಿಕೆಯಂತೆ ಹೊರಡಿಸಿದರೆ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಜನವರಿ ಮೊದಲ ವಾರ ಹೊರಟ ಆದೇಶ ಮಾರ್ಚ್ ಮೊದಲ ವಾರಕ್ಕೆ ಮುಗಿಯುತ್ತದೆ. ಕುರಂಗಣಿಯ ಬೆಂಕಿ ಮಾರ್ಚ್ 11ರದ್ದು. ಜೀವಾಪಾಯ ತಡೆಯಲು ಬೇಕಾದರೆ ರಾಜ್ಯ ಸರ್ಕಾರ ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು, ಆದರೆ ಆ ಕಡತ ಫೆಬ್ರವರಿಯಲ್ಲೇ ಚೆನ್ನೈ ತಲುಪಿರಬೇಕು.