ಆರ್ಗನ್ ನಳಿಕೆಯೂ ನಾಟಕ ಕಂಪನಿಯ ಲೆಗ್ ಹಾರ್ಮೋನಿಯಮ್ಮೂ

ಪದವಿಪೂರ್ವ ಭೌತವಿಜ್ಞಾನದಲ್ಲಿ ‘ಆರ್ಗನ್ ನಳಿಕೆ’ಯ ಪಾಠ ಪ್ರತಿವರ್ಷ ಬರುತ್ತದೆ. ತೆರೆದ ನಳಿಕೆ, ಮುಚ್ಚಿದ ನಳಿಕೆ, ಅವುಗಳಲ್ಲಿನ ಸ್ಥಾಯೀ ತರಂಗ ಎಲ್ಲವನ್ನೂ ಚಿತ್ರ ಬರೆದು ವಿವರಿಸುತ್ತೇವೆ. ಕೆಲವು ವರ್ಷಗಳ ಹಿಂದೆ ದಾವಣಗೆರೆಯ ನನ್ನ ತರಗತಿಯಲ್ಲಿ, ಹರಿಹರದಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಎದ್ದು ನಿಂತ. “ಸಾರ್, ನಮ್ಮ ತಾತ ನಾಟಕ ಕಂಪನಿಯಲ್ಲಿ ಆರ್ಗನ್ ನುಡಿಸುತ್ತಿದ್ದರು. ಅದು ಇನ್ನೂ ಮನೆಯಲ್ಲಿದೆ. ಅದರಲ್ಲಿ ನಳಿಕೆಯೇ ಇಲ್ಲವಲ್ಲ!” ಎಂದ. ಆ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ. ಈ ಲೇಖನವೇ ಆ ಉತ್ತರ.

ಹೆಸರು ಒಂದು, ವಾದ್ಯ ಎರಡು

ದಾವಣಗೆರೆ ವೃತ್ತಿ ರಂಗಭೂಮಿಯ ಊರು. ಚಿಂದೋಡಿ ವೀರಪ್ಪನವರು 1928ರಲ್ಲಿ ಆರಂಭಿಸಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಕಂಪನಿ ನಾಟಕಗಳಲ್ಲಿ ಮಾಸ್ತರರು ನುಡಿಸುತ್ತಿದ್ದುದು ಲೆಗ್ ಹಾರ್ಮೋನಿಯಂ. ಎರಡು ಪಾದಗಳಿಂದ ತಿದಿ ಒತ್ತುತ್ತ, ಎರಡು ಕೈಗಳಿಂದ ಮನೆಗಳನ್ನು ನುಡಿಸುವ ಈ ವಾದ್ಯವನ್ನು ಕೆಲವರು ಆರ್ಗನ್ ಎಂದೂ ಕರೆದರು.

ಪಾಠದಲ್ಲಿ ಬರುವುದು ಪೈಪ್ ಆರ್ಗನ್. ಬೆಂಗಳೂರಿನ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ ಇಂಥದೊಂದು ಇದೆ. ಇದರಲ್ಲಿ ವಾದಕನ ಪಾದಗಳು ಮಂದ್ರ ಸ್ವರಗಳನ್ನು ನುಡಿಸುತ್ತವೆ. ಗಾಳಿ ತುಂಬುವ ಕೆಲಸವನ್ನು ಹಿಂದೆ ಸಹಾಯಕರು ಮಾಡುತ್ತಿದ್ದರು, ಈಗ ಸಾಮಾನ್ಯವಾಗಿ ವಿದ್ಯುತ್ ಮೋಟಾರು ಮಾಡುತ್ತದೆ. ಅಲ್ಲಿ ಕಾಲು ಸ್ವರ ನುಡಿಸಿದರೆ ಇಲ್ಲಿ ಕಾಲು ಉಸಿರು ಕೊಡುತ್ತದೆ.

ನಾದ ಹುಟ್ಟುವುದೆಲ್ಲಿ?

ಪೈಪ್ ಆರ್ಗನ್ನಿನ ಬಹುಪಾಲು ನಳಿಕೆಗಳು ಕೊಳಲಿನಂತೆ ಕೆಲಸ ಮಾಡುತ್ತವೆ. ತೆಳುವಾದ ಗಾಳಿಯ ಧಾರೆ ನಳಿಕೆಯ ಅಂಚಿಗೆ ಬಡಿದು ಒಳಗಿನ ವಾಯುಸ್ತಂಭವನ್ನು ಕಂಪಿಸುತ್ತದೆ. ತೆರೆದ ನಳಿಕೆಯ ಮೂಲ ಆವೃತ್ತಿ, ಶಬ್ದದ ವೇಗವನ್ನು ನಳಿಕೆಯ ಉದ್ದದ ಎರಡರಷ್ಟರಿಂದ ಭಾಗಿಸಿದಷ್ಟು. ಸೆಕೆಂಡಿಗೆ 65 ಕಂಪನಗಳ ಮಂದ್ರ ಸ್ವರಕ್ಕೆ ಸುಮಾರು ಎರಡೂವರೆ ಮೀಟರ್ ನಳಿಕೆ ಬೇಕು. ಪ್ರತಿ ಸ್ವರಕ್ಕೂ ಬೇರೆ ನಳಿಕೆ ಬೇಕಾದ್ದರಿಂದ ಇದು ಕಟ್ಟಡದೊಂದಿಗೇ ಬೆಳೆಯುವ ವಾದ್ಯ.

ಹಾರ್ಮೋನಿಯಮ್ಮಿನಲ್ಲಿ ಕಂಪಿಸುವುದು ಹಿತ್ತಾಳೆಯ ಪುಟ್ಟ ನಾಲಗೆ, ಅಂದರೆ ರೀಡ್. ಇದರ ಒಂದು ತುದಿ ಬಿಗಿಯಾಗಿರುತ್ತದೆ, ಇನ್ನೊಂದು ಸ್ವತಂತ್ರ. ಇದರ ಆವೃತ್ತಿ ದಪ್ಪಕ್ಕೆ ನೇರ ಅನುಪಾತದಲ್ಲಿಯೂ ಉದ್ದದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಆದ್ದರಿಂದ ಕೆಲವೇ ಸೆಂಟಿಮೀಟರ್ ಉದ್ದದ ರೀಡು ಮಂದ್ರ ಸ್ವರವನ್ನೂ ಕೊಡಬಲ್ಲದು. ಸ್ವತಂತ್ರ ತುದಿಯನ್ನು ಕೆರೆದರೆ ಅದು ಹಗುರವಾಗಿ ಶ್ರುತಿ ಏರುತ್ತದೆ, ಬುಡವನ್ನು ಕೆರೆದರೆ ಬಿಗಿ ಕಡಿಮೆಯಾಗಿ ಶ್ರುತಿ ಇಳಿಯುತ್ತದೆ. ತಿದಿಯನ್ನು ಜೋರಾಗಿ ಒತ್ತಿದರೆ ನಾದ ಹೆಚ್ಚುತ್ತದೆ, ಶ್ರುತಿ ಹೆಚ್ಚೇನೂ ಕದಲದು.

ಬಿಸಿಲಿನ ಪರೀಕ್ಷೆ

ಗಾಳಿಯಲ್ಲಿ ಶಬ್ದದ ವೇಗ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. 18 ಡಿಗ್ರಿಯಲ್ಲಿ ಅದು 342 ಮೀಟರಿನಷ್ಟಿದ್ದರೆ 38 ಡಿಗ್ರಿಯಲ್ಲಿ 354 ಮೀಟರ್. ಚಳಿಗಾಲದ ಮುಂಜಾನೆ 440 ಹರ್ಟ್ಸ್‌ಗೆ ಶ್ರುತಿ ಮಾಡಿದ ನಳಿಕೆ, ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಸುಮಾರು 455 ಹರ್ಟ್ಸ್ ನುಡಿಯುತ್ತದೆ. ಇದು ಅರ್ಧಸ್ವರದ ಅರ್ಧಕ್ಕಿಂತ ಹೆಚ್ಚು. ಅದೇ ಸ್ವರದ ಹಿತ್ತಾಳೆ ರೀಡು ಬಿಸಿಗೆ ತುಸು ಮೆದುವಾಗಿ ಒಂದೆರಡು ಹರ್ಟ್ಸ್ ಇಳಿಯಬಹುದು, ಅಷ್ಟೆ. ಊರಿಂದೂರಿಗೆ ಸಾಗುತ್ತ ಜಾತ್ರೆಗಳಲ್ಲಿ ತಗಡಿನ ಥಿಯೇಟರ್ ಹಾಕುತ್ತಿದ್ದ ಕಂಪನಿಗಳಿಗೆ ಯಾವ ಆರ್ಗನ್ ಹೊಂದುತ್ತಿತ್ತು ಎಂಬುದು ಇದರಿಂದ ಸ್ಪಷ್ಟ.

ಮಾಸ್ತರರ ಕಿವಿ

ಈ ಅನುಕೂಲಕ್ಕೆ ಒಂದು ಬೆಲೆಯೂ ಉಂಟು. ಹಾರ್ಮೋನಿಯಮ್ಮಿನಲ್ಲಿ ಸಪ್ತಕವನ್ನು 12 ಸಮ ಹಂತಗಳಾಗಿ ಭಾಗಿಸಿದೆ. ಷಡ್ಜ 240 ಹರ್ಟ್ಸ್ ಆದರೆ ಶುದ್ಧ ಅನುಪಾತದ ಗಾಂಧಾರ 300 ಹರ್ಟ್ಸ್, ಹಾರ್ಮೋನಿಯಮ್ಮಿನದು 302.4. ತಂಬೂರಿಯ ಷಡ್ಜದ ಐದನೆಯ ಸಂಗತ ಸ್ವರ 1200 ಹರ್ಟ್ಸ್, ಹಾರ್ಮೋನಿಯಂ ಗಾಂಧಾರದ ನಾಲ್ಕನೆಯದು 1209.6. ಇವೆರಡೂ ಕೂಡಿದಾಗ ಸೆಕೆಂಡಿಗೆ ಸುಮಾರು ಹತ್ತು ಬಾರಿ ನಾದ ಏರಿಳಿಯುತ್ತದೆ. ಇದೇ ವಿಸ್ಪಂದನ. ಸ್ವರದಿಂದ ಸ್ವರಕ್ಕೆ ಜಾರುವ ಗಮಕವೂ ಇದರಲ್ಲಿ ಸಾಧ್ಯವಿಲ್ಲ. ಇಂಥ ಆಕ್ಷೇಪಗಳ ನಡುವೆ ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ನಿರ್ಬಂಧ ಸಡಿಲವಾದದ್ದು 1971ರಲ್ಲಿ.

ಈ ಕೊರತೆಯನ್ನು ತುಂಬುತ್ತಿದ್ದುದು ಮಾಸ್ತರರ ಪರಿಣತಿ. ನಟನಟಿಯರ ಶ್ರುತಿ ಒಬ್ಬೊಬ್ಬರದು ಒಂದೊಂದು ಮನೆ. ಒಂದೇ ಹಾಡನ್ನು ಬೇರೆ ಬೇರೆ ಮನೆಗಳಿಂದ ಆರಂಭಿಸಿ ನುಡಿಸಬೇಕು, ಒಗ್ಗದ ಸ್ವರವನ್ನು ಮುಟ್ಟಿಯೂ ಮುಟ್ಟದಂತೆ ದಾಟಬೇಕು, ಕಣ್ಣು ಮಾತ್ರ ರಂಗದ ಮೇಲೆಯೇ ಇರಬೇಕು. ಬೆಳಗಾವಿಯ ಆರ್.ಕೆ. ಬಿಜಾಪುರೆ (1917–2010) ನಾಟಕ ಕಂಪನಿಗಳಲ್ಲಿ ನುಡಿಸಿ ಮುಂದೆ ಹಿಂದುಸ್ತಾನಿ ಸಂಗೀತದ ಹೆಸರಾಂತ ಹಾರ್ಮೋನಿಯಂ ವಾದಕರಾದರು. ಇಂಥವರಿಗೆ ಕಂಪನಿಯೇ ಕಾಲೇಜು.

ಮಾಡಿ ನೋಡಿ

20 ಸೆಂಟಿಮೀಟರ್ ಉದ್ದದ ಪಿವಿಸಿ ಕೊಳವೆಯ ಒಂದು ತುದಿಯನ್ನು ಮುಚ್ಚಿ, ಇನ್ನೊಂದರ ಅಂಚಿಗೆ ಊದಿ. ಮೊಬೈಲಿನ ಶ್ರುತಿಮಾಪಕ ಆ್ಯಪ್‌ನಲ್ಲಿ ಆವೃತ್ತಿಯನ್ನು ಮುಂಜಾನೆ ಮತ್ತು ಮಧ್ಯಾಹ್ನ ಓದಿ. ಉಸಿರಿನಿಂದ ಕೊಳವೆ ಬಿಸಿಯಾಗದಂತೆ ಚುಟುಕಾಗಿ ಊದಬೇಕು. ತುದಿ ತಿದ್ದುಪಡಿಯಿಂದಾಗಿ ಅಳತೆ, ಲೆಕ್ಕಕ್ಕಿಂತ ತುಸು ಕಡಿಮೆ ಬರುತ್ತದೆ. ಅದೇ ಎರಡು ವೇಳೆಯಲ್ಲಿ ಹಾರ್ಮೋನಿಯಮ್ಮಿನ ಒಂದು ಮನೆಯನ್ನೂ ಅಳೆಯಿರಿ. ಎರಡು ಬದಲಾವಣೆಗಳನ್ನು ಹೋಲಿಸಿದರೆ ಪಾಠ ತಾನಾಗಿ ತಿಳಿಯುತ್ತದೆ.

ಕಂಪನಿ ನಾಟಕದ ಕಲೆಗಾಗಿ ಈಗ ದಾವಣಗೆರೆಗೆ ವೃತ್ತಿ ರಂಗಭೂಮಿ ರಂಗಾಯಣ ಬಂದಿದೆ. ಹಾಡು, ಅಭಿನಯಗಳ ಜೊತೆಗೆ ರೀಡು ಕೆರೆದು ಶ್ರುತಿ ಮಾಡುವ ಕೌಶಲವೂ ಮುಂದಿನವರಿಗೆ ದಾಟಬೇಕು. ಪುಸ್ತಕದಲ್ಲಿ ಬರೆಯದ ಈ ವಿದ್ಯೆ ಹಿರಿಯರ ಕೈಯಲ್ಲಿದೆ. ಅಧ್ಯಾಪಕ ಮಿತ್ರರೇ, ನಿಮ್ಮೂರಿನಲ್ಲಿ ಅಂಥವರೊಬ್ಬರು ಇದ್ದರೆ ತರಂಗಗಳ ಪಾಠದ ದಿನ ಅವರನ್ನು ತರಗತಿಗೆ ಕರೆಯಿರಿ. ಪ್ರಶ್ನೆ ಕೇಳುವ ಮಕ್ಕಳು ಇದ್ದೇ ಇರುತ್ತಾರೆ, ಉತ್ತರ ಬಲ್ಲವರು ಬಹುಕಾಲ ಇರಲಾರರು.