ಹೊರಗಿನ ಹೆಸರು, ಒಳಗಿನ ದಾರಿ

ಕೆಲವು ಹಳೆಯ ಗ್ರಂಥಾಲಯಗಳಲ್ಲಿ ಓದುಗರು ಕಪಾಟಿಗೆ ಕೈಹಾಕುವಂತಿಲ್ಲ. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಿಬ್ಬಂದಿಯವರು ಒಳಗಿನಿಂದ ತಂದುಕೊಡುತ್ತಾರೆ. ಅದು ಯಾವ ಕೋಣೆಯಲ್ಲಿ, ಎಷ್ಟನೆಯ ಸಾಲಿನಲ್ಲಿದೆ ಎಂಬುದು ಓದುಗನಿಗೆ ತಿಳಿಯಬೇಕಾದುದಿಲ್ಲ. ಕಪಾಟುಗಳನ್ನೆಲ್ಲ ಸ್ಥಳ ಬದಲಿಸಿ ಇಟ್ಟರೂ ಅವನ ಚೀಟಿ ಎಂದಿನಂತೆ ಸಲ್ಲುತ್ತದೆ. ಅಂತರಜಾಲದ ವಿಳಾಸಗಳ ಹಿಂದೆಯೂ ಇಂತಹುದೇ ಏರ್ಪಾಡು ಉಂಟು.

ಕನ್ನಡ ವಿಕಿಪೀಡಿಯದಲ್ಲಿ ಕುವೆಂಪು ಅವರನ್ನು ಕುರಿತ ಲೇಖನದ ವಿಳಾಸವನ್ನು ನೋಡಬಹುದು. ಮೊದಲು ಜಾಲತಾಣದ ಹೆಸರು, ಅನಂತರ 'ವಿಕಿ' ಎಂಬ ಪದ, ಓರೆಗೆರೆಯ ಆಚೆಗೆ 'ಕುವೆಂಪು' ಎಂಬ ಶೀರ್ಷಿಕೆ, ಇಷ್ಟೇ. ಈ ಹೆಸರಿನ ಕಡತವೊಂದು ಅಲ್ಲಿನ ಗಣಕದಲ್ಲಿ ಇದೆಯೆಂದು ಭಾವಿಸಿದರೆ ತಪ್ಪಾಗುತ್ತದೆ. ಸರ್ವರು ಆ ವಿಳಾಸವನ್ನು 'ಇಂಡೆಕ್ಸ್' ಎಂಬ ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಅದು ಶೀರ್ಷಿಕೆಯನ್ನು ಹಿಡಿದು, ದತ್ತಾಂಶದ ಭಂಡಾರದಿಂದ ಲೇಖನವನ್ನು ತೆಗೆದು, ಪುಟವನ್ನು ಕಟ್ಟಿಕೊಡುತ್ತದೆ. ದಾರಿಯಲ್ಲಿ ಕನ್ನಡದ ಅಕ್ಷರಗಳೂ ವೇಷ ಬದಲಿಸುತ್ತವೆ. 'ಕ' ಎಂಬ ಒಂದು ಅಕ್ಷರವು ಮೂರು ಬೈಟುಗಳಾಗಿ, ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಡನೆ ಮತ್ತೆರಡು ಸಂಕೇತಗಳಾಗಿ, ಒಟ್ಟು ಒಂಬತ್ತು ಚಿಹ್ನೆಗಳಷ್ಟು ಬೆಳೆಯುತ್ತದೆ.

ಅಪ್ಲಿಕೇಶನ್ನುಗಳಲ್ಲಿ ಹೊರವಿಳಾಸವನ್ನು ಒಳಪುಟಕ್ಕೆ ಹೊಂದಿಸುವ ಈ ಕೆಲಸಕ್ಕೆ 'ರೂಟಿಂಗ್' ಎಂದು ಹೆಸರು. ಅದಕ್ಕಾಗಿ ಒಂದು ಮಾರ್ಗಪಟ್ಟಿ ಇರುತ್ತದೆ. ಪಟ್ಟಿಯ ಒಂದೊಂದು ಸಾಲಿನಲ್ಲಿಯೂ ವಿಳಾಸದ ಮಾದರಿ ಮತ್ತು ಅದಕ್ಕೆ ಸಲ್ಲುವ ಪುಟ ನಮೂದಾಗಿರುತ್ತವೆ. ಶಾಲೆಯ ಗ್ರಂಥಾಲಯಕ್ಕೆ ಅಪ್ಲಿಕೇಶನ್ ಮಾಡುವುದಾದರೆ, ಸಾವಿರ ಪುಸ್ತಕಗಳಿಗೆ ಸಾವಿರ ಸಾಲು ಬರೆಯಬೇಕಾಗಿಲ್ಲ. 'ಪುಸ್ತಕ' ಎಂಬ ಪದದ ಮುಂದಿನ ಭಾಗವನ್ನು ತೆರವಾಗಿಟ್ಟು, ಅಲ್ಲಿ ಬಂದುದನ್ನು ಪುಸ್ತಕದ ಹೆಸರೆಂದು ತಿಳಿಯುವಂತೆ ವಿಧಿಸಿದರೆ ಒಂದೇ ಸಾಲು ಸಾಕು. ಆದರೆ ಅನೇಕ ವ್ಯವಸ್ಥೆಗಳು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ, ಮೊದಲು ಹೊಂದಿಕೆಯಾದ ಸಾಲಿನಲ್ಲಿಯೇ ನಿಂತುಬಿಡುತ್ತವೆ. ಹೊಸದಾಗಿ ಬಂದ ಪುಸ್ತಕಗಳನ್ನು ತೋರಿಸುವ 'ಪುಸ್ತಕ/ಹೊಸದು' ಎಂಬ ಸಾಲನ್ನು ಇದರ ಕೆಳಗೆ ಬರೆದರೆ ಆ ಪುಟ ಎಂದಿಗೂ ತೆರೆಯದು. ಪಾಪ, ಯಂತ್ರವು 'ಹೊಸದು' ಎಂಬ ಹೆಸರಿನ ಪುಸ್ತಕವನ್ನು ಹುಡುಕಿ ಬರಿಗೈಯಲ್ಲಿ ಮರಳುತ್ತದೆ.

ಜಿನೀವಾದ ಸೆರ್ನ್ ಸಂಸ್ಥೆಯಲ್ಲಿದ್ದು 1989ರಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟ ಟಿಮ್ ಬರ್ನರ್ಸ್-ಲೀ, 1998ರಲ್ಲಿ ಬರೆದ ಲೇಖನವೊಂದರಲ್ಲಿ ವಿಳಾಸಗಳು ಬದಲಾಗಬಾರದೆಂದು ವಾದಿಸಿದರು. ಲೇಖಕನ ಹೆಸರು, ವಿಷಯದ ವಿಭಾಗ, ಕಡತದ ಬಗೆಯನ್ನು ಸೂಚಿಸುವ ಬಾಲ ಇವನ್ನು ವಿಳಾಸದಲ್ಲಿ ಸೇರಿಸಬಾರದೆಂಬುದು ಅವರ ಸಲಹೆ. ಅವೆಲ್ಲ ಒಳಮನೆಯ ಸಂಗತಿಗಳು, ಇಂದಲ್ಲ ನಾಳೆ ಬದಲಾಗತಕ್ಕವು. ಈ ಮಾತಿಗೆ ಕಿವಿಗೊಟ್ಟವರು ಕಡಿಮೆ. ತಾಣವನ್ನು ಹೊಸದಾಗಿ ಕಟ್ಟುವವರು ಹಳೆಯ ವಿಳಾಸಗಳನ್ನು ಕೈಬಿಡುವುದುಂಟು. ಆದರೆ ಪುಸ್ತಕದಲ್ಲಿ ಒಮ್ಮೆ ಅಚ್ಚಾದ ವಿಳಾಸವನ್ನು ಯಾರು ತಿದ್ದಬಲ್ಲರು? ಅದನ್ನು ನಂಬಿ ಬಂದ ವಿದ್ಯಾರ್ಥಿಗೆ ದೊರೆಯುವುದು 'ಪುಟ ಸಿಗಲಿಲ್ಲ' ಎಂಬ 404ರ ಉತ್ತರ. ಲೇಖನವು ಒಳಗೆ ಸುರಕ್ಷಿತವಾಗಿದ್ದರೂ ಅವನ ಪಾಲಿಗೆ ಇಲ್ಲವಾದಂತೆಯೇ.

ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಹಳೆಯ ವಿಳಾಸಕ್ಕೂ ಪಟ್ಟಿಯಲ್ಲಿ ಒಂದು ಸಾಲನ್ನು ಉಳಿಸಿಕೊಂಡು, 'ಶಾಶ್ವತವಾಗಿ ಸ್ಥಳಾಂತರವಾಗಿದೆ' ಎಂಬ 301ರ ಸಂಕೇತದೊಡನೆ ಹೊಸ ವಿಳಾಸವನ್ನು ತಿಳಿಸಬೇಕು. ಆಗ ಬ್ರೌಸರು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ದಾರಿ ಬದಲಾದುದು ಓದುಗನ ಗಮನಕ್ಕೆ ಬರುವುದೂ ಅಪರೂಪ.